ಎದುರು ಮನೆಯ ಮೂಗು

"ಲಾರಿ ನೆಕ್ಕಿದಂಗ ಆಗ್ತೈತಂತ ಯಕ್ಕಾ. ನನ್ನ ಮಾತಲ್ಲ ಇದು, ತಿಂದೋರ ಮಾತು," ಎನ್ನುತ್ತ ಮಂಜಣ್ಣ ವಾಪಸ್ ತಂದ ಎರಡು ಮಂಡಕ್ಕಿ ಚೀಲಗಳನ್ನು ಗಾಡಿಯಿಂದ ಇಳಿಸಿ, ಮಂಡಕ್ಕಿ ಹುರಿಯುವ ಭಟ್ಟಿಯ ಬಾಗಿಲಿಗೆ ಒರಗಿಸಿದ.

ಮಂಜಣ್ಣನದು ಕೊಟ್ಟೂರು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ. ಅವನು ಕೊಂಡ ಭಟ್ಟಿಯಲ್ಲೇ ಆ ಸಾಲಿನ ಉಳಿದ ಅಂಗಡಿಯವರೂ ಕೊಳ್ಳುತ್ತಾರೆ. ಅವನು ಬಿಟ್ಟ ಭಟ್ಟಿಯನ್ನು ಅವರೂ ಬಿಡುತ್ತಾರೆ. ಭಟ್ಟಿಯ ಒಡತಿ ನಾಗಲಿಂಗಮ್ಮನಿಗೆ ಇದು ಯಾರೂ ಹೇಳಿಕೊಡಬೇಕಾದ ಲೆಕ್ಕವಲ್ಲ. ಅವಳು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ಮೂಗಿಗೆ ಒತ್ತಿಕೊಂಡಳು.

"ಏನೂ ಇಲ್ಲಲ್ಲೋ."

"ಆಯಿಲ್ ವಾಸನಿ ನಿನಗ ಎಲ್ಲಿ ಬರಬೇಕವಾ? ಟೈರಿನ ಹೊಗಿ ಕುಡದ ಮೂಗು ಅದು."

"ನಿನಗ ಬಂತೇನು?"

ಮಂಜಣ್ಣ ತಲೆ ಕೆರೆದುಕೊಂಡ. "ನನ್ನ ಕೈ ದಿನಪೂರ್ತಿ ಉಳ್ಳಾಗಡ್ಡ್ಯಾಗ ಇರ್ತಾವ, ನನಗೂ ಬರಲಿಲ್ಲ. ಆದ್ರ ಗಿರಾಕಿ ಪೊಟ್ಟಣ ಮೂಸಿ, ಟೇಬಲ್ ಮ್ಯಾಲಿಟ್ಟು ಎದ್ದು ಹೋದ್ರ ನಾ ಏನ್ ಮಾಡ್ಲಿ? ಹರಪನಹಳ್ಳಿ ಮಾಲು ತರಿಸೀನಿ. ನಾಡಿದ್ದು ಸೋಮವಾರ, ದರ್ಶನಕ್ಕ ಮಂದಿ ಬರ್ತಾರ. ಅಷ್ಟರಾಗ ವಾಸನಿ ಇಲ್ಲದ್ದು ಕೊಟ್ರ ನಿಂದ. ಇಲ್ಲಾಂದ್ರ ಅವರದ ಖಾಯಂ. ಸಿಟ್ಟಾಗಬ್ಯಾಡ."

ಅವನು ಹೋದ ಮೇಲೆ ನಾಗಲಿಂಗಮ್ಮ ಒಲೆಯ ಕಡೆ ತಿರುಗಿದಳು. ಒಲೆಯ ಬಾಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಅವು ಅವಳ ಅಕ್ಕನ ಮಗ ತಿಪ್ಪೇಶನವು. ಹಗರಿಬೊಮ್ಮನಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿರುವ ತಿಪ್ಪೇಶ ಅದಕ್ಕೆ ಬೀಗ ಹಾಕಿ ಬಂದು, ಚಿಗವ್ವನ ಒಲೆಯೊಳಗೆ ವಾರದಿಂದ ತಲೆ ಇಟ್ಟುಕೊಂಡು ಮಲಗಿದ್ದ.

ಮೊದಲು ಈ ಒಲೆಗೆ ಭತ್ತದ ಹೊಟ್ಟು ಹಾಕುತ್ತಿದ್ದರು. ಮಿಲ್ಲಿನವರು ಹೊಟ್ಟನ್ನು ತಮ್ಮ ಬಾಯ್ಲರಿಗೇ ಉರಿಸತೊಡಗಿದ ಮೇಲೆ ಟೈರಿನ ಚೂರು ಬಂತು. ಟೈರಿನ ಹೊಗೆ ಓಣಿಯನ್ನೆಲ್ಲ ಕಪ್ಪಾಗಿಸಿತು. ಎದುರು ಮನೆಯ ಗಂಗಾಂಬಿಕಾ ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟರು. ಇನ್ನೊಂದು ಸಲ ಟೈರು ಸುಟ್ಟರೆ ಬಾಗಿಲಿಗೆ ಸೀಲು ಎಂದು ಪಂಚಾಯಿತಿಯವರು ಹೇಳಿ ಹೋದರು. ಹಿಂದಕ್ಕೆ ಹೋಗಲು ದಾರಿ ಉಳಿಯಲಿಲ್ಲ. ಮುಂದಕ್ಕಿದ್ದದ್ದು ತಿಪ್ಪೇಶನ ಎಣ್ಣೆ ಬರ್ನರ್ ಒಂದೇ.

ಅವನ ವಿಚಾರ ಸರಳವಾದದ್ದು. ಗ್ಯಾರೇಜಿನವರು ಚೆಲ್ಲುವ ಹಳೇ ಎಂಜಿನ್ ಆಯಿಲನ್ನು ಮೇಲೆ ಡ್ರಮ್ಮಿನಲ್ಲಿಟ್ಟು, ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಇಳಿಸುವುದು. ಕೆಳಗೆ ಲಾರಿಯ ಹಳೇ ಬ್ರೇಕ್ ಡ್ರಮ್ಮು ಕೆಂಪಗೆ ಕಾದಿರುತ್ತದೆ. ಹನಿ ಅದರ ಮೇಲೆ ಬಿದ್ದೊಡನೆ ಆವಿಯಾಗಬೇಕು. ಪಕ್ಕದಿಂದ ಬ್ಲೋವರ್ ಓರೆಯಾಗಿ ಗಾಳಿ ಊದಿ, ಆ ಆವಿಯನ್ನು ಸುತ್ತಿಸುತ್ತಾ ಉರಿಸಬೇಕು. ಎಣ್ಣೆ ಹೆಚ್ಚಾದರೆ ಹೊಗೆ, ಗಾಳಿ ಹೆಚ್ಚಾದರೆ ಉರಿ ಆರುತ್ತದೆ. ಮೊದಲ ದಿನ ಆಯಿಲಿನಲ್ಲಿ ನೀರು ಬೆರೆತಿದ್ದು ಒಗ್ಗರಣೆಯಂತೆ ಚಟಪಟ ಸಿಡಿದು, ಒಲೆಯ ಮೇಲಿನ ಬಾಣಲೆಯ ಅಂಚಿನ ಸಂದಿಯಿಂದ ಕರಿ ಹನಿಗಳು ಮೇಲೆ ಹಾರಿ ಎಲ್ಲರ ಮುಖವೂ ಕರಿ ಮುಸುವನ ಮುಖವಾಗಿತ್ತು. ಆಮೇಲೆ ಅವನು ಆಯಿಲನ್ನು ಸೋಸಿದ, ತಿಳಿಯಾಗಲು ಬಿಟ್ಟ, ಗಾಳಿಯ ತೂತು ತಿದ್ದಿದ. ಎರಡನೇ ದಿನದಿಂದಲೇ ಉರಿ ಹಳದಿಗೆ ತಿರುಗಿ, ಚಿಮಣಿಯಲ್ಲಿ ಹೊಗೆಯೇ ಕಾಣದಂತಾಗಿತ್ತು. ಚಿಗವ್ವ ಅವನಿಗೆ ಹೋಳಿಗೆ ಮಾಡಿ ಹಾಕಿದ್ದಳು.

"ಕೇಳಿದೇನೋ ತಿಪ್ಪೇಶ?"

"ಕೇಳಿದೆ. ಎಣ್ಣಿ ಪೂರ್ತಿ ಉರಿಯವಲ್ದು ಅಂತ ಕಾಣ್ತೈತಿ," ಎಂದ ಅವನು ಒಲೆಯೊಳಗಿಂದ. "ಕಾಸಿ ಬಿಡಬೇಕು. ಪೈಪನ್ನ ಉರಿ ಸುತ್ತ ಒಂದು ಸುತ್ತು ಹಾಕಿದ್ರ ಎಣ್ಣಿ ಒಳಗ ಬರೋದ್ರಾಗ ತೆಳ್ಳಗ ಆಗ್ತೈತಿ."

ಪೈಪು ಬಾಗಿಸಿ, ಬೆಸುಗೆ ಹಾಕಿ, ಮಧ್ಯಾಹ್ನಕ್ಕೆ ಉರಿ ಹಚ್ಚಿದ. ಈ ಸಲ ಉರಿಯ ಬುಡದಲ್ಲಿ ನೀಲಿ ಕಂಡಿತು. ನಾಗಲಿಂಗಮ್ಮ ಬಾಣಲೆಯ ಕಾದ ಮರಳಿಗೆ ಅಕ್ಕಿ ಎಸೆದು ಕೈಯಾಡಿಸಿದಳು. ಮರಳು ಬಿಳಿಯಾಗಿ ಉಬ್ಬಿ ಬಂತು. ಕೆಲಸದ ಅಂಜಿನಕ್ಕ ಜರಡಿಯಲ್ಲಿ ಗಾಳಿಸಿದಳು. ಮರಳು ಬಾಣಲೆಗೆ ಇಳಿಯಿತು, ಮಲ್ಲಿಗೆಯಂಥ ಮಂಡಕ್ಕಿ ಮೇಲುಳಿಯಿತು.

"ಈಗ ವಾಸನಿ ಐತೇನು?" ಎಂದಳು ನಾಗಲಿಂಗಮ್ಮ.

ತಿಪ್ಪೇಶ ಮೂಸಿದ. ಎಣ್ಣೆಯಲ್ಲೇ ಮಿಂದಿದ್ದ ಅವನಿಗೆ ತನ್ನ ಅಂಗಿಯ ವಾಸನೆ ಬಂತು. ಅಂಜಿನಕ್ಕ ಮೂಸಿ, ತಲೆಯಾಡಿಸಿ, ನಶ್ಯದ ಡಬ್ಬಿ ತೆಗೆದಳು. "ನನ್ನ ಮೂಗಿಗೆ ಇದೊಂದ ಗೊತ್ತು ತಂಗಿ."

ಮೂವರೂ ಮುಖ ಮುಖ ನೋಡಿಕೊಂಡರು. ಬರ್ನರ್ ಸರಿಯಾಯಿತೋ ಇಲ್ಲವೋ ಎಂದು ತಿಳಿಯುವ ಒಂದು ಮೂಗೂ ಆ ಭಟ್ಟಿಯಲ್ಲಿರಲಿಲ್ಲ.

"ಒಂದ ಮೂಗು ಐತಿ ಈ ಓಣ್ಯಾಗ," ಎಂದಳು ಅಂಜಿನಕ್ಕ, ಬಾಗಿಲಾಚೆ ಗದ್ದ ಎತ್ತಿ ತೋರಿಸುತ್ತ. "ಮಾಳಿಗಿ ಮ್ಯಾಲ ಕುಂತು ಯಾರ ಮನ್ಯಾಗ ಹಾಲು ಉಕ್ಕಿತು ಅಂತ ಹೇಳ್ತಾಳ."

"ಸಾಯ್ತೀನಿ, ಆಕಿ ಬಾಗಿಲಿಗೆ ಹೋಗಲ್ಲ."

"ಸಾಯಬ್ಯಾಡ, ಹೋಗು. ಸೋಮವಾರ ಹತ್ರ ಐತಿ."

ನಾಗಲಿಂಗಮ್ಮ ಮೊರದಲ್ಲಿ ಮಂಡಕ್ಕಿ ಹಾಕಿಕೊಂಡು, ಸೆರಗು ಮುಚ್ಚಿ, ಓಣಿ ದಾಟಿದಳು. ಗಂಗಾಂಬಿಕಾ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅರ್ಜಿಯ ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ.

"ಏನವಾ, ದಾರಿ ತಪ್ಪಿ ಬಂದಿಯೇನು?"

"ಮೂಸಿ ನೋಡ್ರಿ ಅಕ್ಕಾರ. ಆಯಿಲ್ ವಾಸನಿ ಐತೇನು ಹೇಳ್ರಿ. ಅಷ್ಟ."

"ವರ್ಷಗಟ್ಲೆ ಮೂಸಿಸಿದಿ. ಈಗ ಕೇಳಾಕ ಬಂದಿ," ಎನ್ನುತ್ತ ಅವರು ಎರಡು ಕಾಳು ತೆಗೆದು ಮೂಗಿನ ಹತ್ತಿರ ಒಯ್ದರು. ಹೆಚ್ಚು ಹೊತ್ತು ಬೇಕಾಗಲಿಲ್ಲ. "ಐತಿ."

ನಾಗಲಿಂಗಮ್ಮ ಮರಳಿ ಬಂದಳು. ತಿಪ್ಪೇಶ ಉರಿ ಆರಿಸಿ, ಎಲ್ಲ ಆರಿದ ಮೇಲೆ ಬಾಣಲೆ ಎತ್ತಿಸಿ, ಅಂಚಿನ ಸಂದಿಗೆಲ್ಲ ಹುತ್ತದ ಮಣ್ಣು ಮೆತ್ತಿದ. ಉರಿಯ ಗಾಳಿ ಒಂದು ಎಳೆಯೂ ಮೇಲೆ ಬರಬಾರದು. ರವಿವಾರ ಬೆಳಿಗ್ಗೆ ಹೊಸ ಮಂಡಕ್ಕಿ ಮತ್ತೆ ಓಣಿ ದಾಟಿತು.

"ಐತಿ," ಎಂದರು ಗಂಗಾಂಬಿಕಾ.

"ಇಷ್ಟ ನೋಡಿ ಹೇಳಿಬಿಟ್ರಿ. ಸರಿ ಮೂಸ್ರಿ."

"ಸರಿ ಮೂಸೀನಿ. ಐತಿ."

ತಿಪ್ಪೇಶ ಬ್ರೇಕ್ ಡ್ರಮ್ಮನ್ನೇ ಕಿತ್ತು ಇನ್ನೂ ಆಳದ್ದನ್ನು ಕೂರಿಸಿದ. ಅವನ ರೆಪ್ಪೆ ಸುಟ್ಟಿತ್ತು, ಮೊಣಕೈ ಸುಲಿದಿತ್ತು. "ಆಕಿ ಸುಳ್ಳು ಹೇಳ್ತಾಳ ಚಿಗವ್ವ. ಈ ಉರಿಗೆ ವಾಸನಿ ಉಳಿಯಂಗಿಲ್ಲ. ನಿನ್ನ ಭಟ್ಟಿ ಮುಚ್ಚಲಿ ಅಂತ ಆಕಿಗೆ ಐತಿ. ನೀ ಹೋಗಿ ಆಕಿನ್ನ ಕೇಳ್ತಿ!"

ಆ ಅನುಮಾನ ನಾಗಲಿಂಗಮ್ಮನಿಗೂ ಆಗಲೇ ಬಂದಿತ್ತು. ಅಂಜಿನಕ್ಕನಿಗೆ ಒಂದು ಉಪಾಯ ಹೊಳೆಯಿತು. ಅವಳು ಮಂಜಣ್ಣನ ಅಂಗಡಿಗೆ ಓಡಿ, ಹರಪನಹಳ್ಳಿ ಮಂಡಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಳು. ಅದನ್ನೇ ಮೊರಕ್ಕೆ ಸುರಿದರು. ಇದಕ್ಕೂ "ಐತಿ" ಎಂದರೆ ಎದುರು ಮನೆಯವಳ ಬಣ್ಣ ಬಯಲಾದಂತೆ. ಓಣಿ ದಾಟುವಾಗ ನಾಗಲಿಂಗಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು: ಐತಿ ಅನ್ನಲಿ, ಸುಳ್ಳು ಹೇಳಲಿ, ನನ್ನ ಮಂಡಕ್ಕಿ ನೆಟ್ಟಗಿರಲಿ.

ಗಂಗಾಂಬಿಕಾ ಮೂಸಿದರು. ಹುಬ್ಬು ಗಂಟಿಕ್ಕಿ ಮತ್ತೆ ಮೂಸಿದರು. ಒಂದು ಕಾಳು ಬಾಯಿಗೆ ಹಾಕಿಕೊಂಡರು.

"ವಾಸನಿ ಇಲ್ಲ. ಆದ್ರ ಇದು ನಿಂದಲ್ಲ."

ನಾಗಲಿಂಗಮ್ಮ ಮೊರದ ಮೇಲೆ ಸೆರಗು ಎಳೆದಳು.

"ಉಪ್ಪು ಕಡಿಮಿ ಐತಿ. ನಿನ್ನ ಮಂಡಕ್ಕಿ ತಿಂದು ಗೊತ್ತಿಲ್ಲೇನು ನನಗ? ಯಾರದ ತಂದಿ ಇದನ್ನ? ನನಗ ಪರೀಕ್ಷಾ ಇಡಾಕ ಬಂದಿಯೇನು?"

ನಾಗಲಿಂಗಮ್ಮ ಕರೆಯದೆಯೇ ಆ ಕಟ್ಟೆಯ ಮೇಲೆ ಕುಳಿತಳು. "ಹಂಗಾರ ಖರೇನ ಐತಿ ವಾಸನಿ," ಎಂದಳು. "ನೀವು ಸುಳ್ಳಾಗಿದ್ರ ಬದುಕ್ತಿದ್ನಿರಿ ಅಕ್ಕಾರ. ನೀವು ಖರೆ ಅದೀರಿ. ಇನ್ನ ನಾನು ಏನ್ ಮಾಡ್ಲಿ? ಟೈರು ಹಚ್ಚಂಗಿಲ್ಲ, ಹೊಟ್ಟು ಸಿಗಂಗಿಲ್ಲ. ಆ ಹುಡುಗ ಒಲ್ಯಾಗ ಸುಟ್ಟುಕೊಂಡು ಸಾಯಾಕ ಹತ್ಯಾನ. ನಾಳಿಗೆ ಮಂಜಣ್ಣ ನನ್ನ ಬಿಟ್ಟ ಅಂದ್ರ ಉಳಿದೋರೂ ಬಿಡ್ತಾರ. ಈ ಕೈಗೆ ಬ್ಯಾರೆ ಕೆಲಸ ಬರಂಗಿಲ್ಲರಿ. ಲಗ್ನಾಗಿ ಬಂದಾಗಿಂದ ಇದೊಂದ."

ಗಂಗಾಂಬಿಕಾ ಅವರೆಕಾಯಿಯ ಪುಟ್ಟಿ ಪಕ್ಕಕ್ಕಿಟ್ಟರು. ಸಮಾಧಾನದ ಮಾತು ಅವರ ಬಾಯಲ್ಲಿ ಸುಲಭಕ್ಕೆ ಬರುವಂಥದ್ದಲ್ಲ. ಚಪ್ಪಲಿ ಮೆಟ್ಟಿದರು.

"ನಡಿ. ಎಲ್ಲಿಂದ ಬರ್ತೈತಿ ನೋಡಾಣ."

ಇಷ್ಟು ವರ್ಷ ಎದುರಿಗಿದ್ದರೂ ಅವರು ಭಟ್ಟಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ತಿಪ್ಪೇಶ ಎದ್ದು ನಿಂತು, ಕೈ ಒರೆಸಿಕೊಂಡು, ಬರ್ನರಿನ ಕಡೆ ತೋರಿಸಿದ. ಅವರು ಅಲ್ಲಿ ಬಗ್ಗಿ ಮೂಸಿದರು.

"ಇದಲ್ಲ. ಇಲ್ಲಿ ಉರಿ ವಾಸನಿ ಐತಿ, ಬ್ಯಾರೆ ಏನಿಲ್ಲ."

ಜರಡಿ ಮೂಸಿದರು. ಅಕ್ಕಿ ಮೂಸಿದರು. ಖಾಲಿ ಚೀಲದೊಳಗೆ ತಲೆ ಹಾಕಿದರು. ಅಂಜಿನಕ್ಕನ ಹತ್ತಿರ ಬಂದಾಗ ಅವಳು ಹೆದರಿ ನಶ್ಯದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊನೆಗೆ ಬಾಣಲೆಯ ಹತ್ತಿರ ನಿಂತು, ಸೌಟಿನಲ್ಲಿ ಸ್ವಲ್ಪ ಮರಳು ತೆಗೆದು ಆರಿಸಿ, ಮೂಗಿನ ಹತ್ತಿರ ತಂದವರೇ ಮುಖ ತಿರುಗಿಸಿದರು.

"ಇದು. ಉಸುಕಿನ್ಯಾಗ ಕುಂತೈತಿ."

ತಿಪ್ಪೇಶ ಹಣೆ ಹಿಡಿದುಕೊಂಡ. "ಮೊದಲ್ನೇ ದಿನ ಸಿಡೀತಲ್ಲ ಚಿಗವ್ವ. ಅಷ್ಟೂ ಇದರಾಗ ಬಿದ್ದೈತಿ. ಕಾಸಿದಾಗೆಲ್ಲ ಅದ ಏಳ್ತೈತಿ." ಆಮೇಲೆ ತಡೆಯಲಾಗದೆ ಅವನ ಮುಖ ಅರಳಿತು. "ಹಂಗಾರ ನನ್ನ ಬರ್ನರ್ ಎರಡ್ನೇ ದಿನದಿಂದ ಸರಿ ಐತಿ!"

ನಾಗಲಿಂಗಮ್ಮ ನೋಡಿದ ನೋಟಕ್ಕೆ ಅವನು ಮತ್ತೆ ಒಲೆಯ ಕಡೆ ಬಗ್ಗಿದ.

ಬರ್ನರ್, ಎಣ್ಣೆ, ಗಾಳಿ, ಸಂದಿ, ಎಲ್ಲದರ ಮೇಲೂ ಅನುಮಾನಪಟ್ಟವರಿಗೆ ಮರಳಿನ ಮೇಲೆ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಅವರ ಮನೆತನದಲ್ಲಿ ಭಟ್ಟಿಯ ಮರಳನ್ನು ಚೆಲ್ಲುವುದಿಲ್ಲ. ಸವೆದಷ್ಟಕ್ಕೆ ಒಂದು ಬುಟ್ಟಿ ಹೊಸದನ್ನು ಬೆರೆಸುತ್ತಾರೆ, ಅಷ್ಟೇ. ಕೂಡ್ಲಿಗಿಯಿಂದ ಭಟ್ಟಿ ಇಲ್ಲಿಗೆ ಬಂದಾಗ ನಾಗಲಿಂಗಮ್ಮನ ಅತ್ತೆ ಪಾತ್ರೆಪಗಡಗಳನ್ನು ಇನ್ನೊಬ್ಬರಿಗೆ ವಹಿಸಿ, ತಾನು ಲಾರಿಯಲ್ಲಿ ಮರಳಿನ ಚೀಲಗಳ ಮೇಲೆ ಕುಳಿತು ಬಂದಿದ್ದಳು. ಹೊಸ ಮರಳು ಅಕ್ಕಿಗೆ ಅಂಟುತ್ತದೆ, ಅರ್ಧ ಕಾಳು ಅರಳದೆ ಕಲ್ಲಾಗುತ್ತದೆ. ಕಾದು ಕಾದು ನುಣುಪಾದ ಕರಿಮರಳಿನಲ್ಲಷ್ಟೇ ಮಂಡಕ್ಕಿ ಹಗುರಾಗಿ ಏಳುತ್ತದೆ. ಮಂಜಣ್ಣ ಈ ಭಟ್ಟಿಯ ಮಾಲಿಗೆ ಕಾಯುತ್ತಿದ್ದದ್ದು ಆ ಮರಳಿನ ಗುಣಕ್ಕೇ.

"ತೊಳದ್ರ ಹೋಗಂಗಿಲ್ಲೇನೋ? ಸೋಪಿನ ಪುಡಿ ಹಾಕಿ ಕುದಿಸಿದ್ರ?"

"ಇಲ್ಲ ಚಿಗವ್ವ. ಉಸುಕು ಕುಡದ ಎಣ್ಣಿ ಅದು."

"ಅಕ್ಕಾರ, ಕಾಸಿ ಕಾಸಿ ಕಡಿಮಿ ಆಗ್ತೈತೇನ್ರಿ? ಒಂದು ತಿಂಗಳಿಗೆ?"

"ಆದೀತು," ಎಂದರು ಗಂಗಾಂಬಿಕಾ. "ಅಲ್ಲಿತನ ಯಾರು ತಿಂತಾರ?"

ನಾಗಲಿಂಗಮ್ಮ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅತ್ತೆ ಸಾಯುವ ಮುಂಚೆ ಬಂಗಾರ ಎಲ್ಲಿದೆ ಎಂದು ಹೇಳಲಿಲ್ಲ, ಇರಲೂ ಇಲ್ಲ. ಉಸುಕು ನೋಡಿಕೋ ಎಂದಿದ್ದಳು. ಇಟ್ಟುಕೊಂಡರೆ ನಾಳೆಗೆ ವಾಸನೆಯ ಮಂಡಕ್ಕಿ, ಚೆಲ್ಲಿದರೆ ನಾಳೆಗೆ ಅರಳದ ಮಂಡಕ್ಕಿ. ಎರಡು ಕಡೆಯೂ ಸೋಮವಾರ ಕೈಬಿಟ್ಟಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ತಗಡಿನ ಬುಟ್ಟಿ ಎಳೆದುಕೊಂಡಳು.

"ಉರಿ ಆರಿಸೋ ತಿಪ್ಪೇಶ."

ಮರಳು ಆರುವವರೆಗೂ ತಡೆಯದೆ, ಕೈಗೆ ಗೋಣಿ ಸುತ್ತಿಕೊಂಡು ತುಂಬತೊಡಗಿದಳು. ಅಂಜಿನಕ್ಕ ಇನ್ನೊಂದು ಬುಟ್ಟಿ ಹಿಡಿದಳು. ಬುಟ್ಟಿಯ ಹಿಂದೆ ಬುಟ್ಟಿಯಾಗಿ ಅತ್ತೆಯ ಮರಳು ಬಾಗಿಲಾಚೆ ಓಣಿಯ ಅಂಚಿಗೆ ಬಿತ್ತು. ಬಾಣಲೆಯ ತಳ ಕಂಡಾಗ ನಾಗಲಿಂಗಮ್ಮನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಅದನ್ನು ಒದ್ದೆ ಬಟ್ಟೆಯಿಂದ ಉಜ್ಜಿದಳು.

ಗಂಗಾಂಬಿಕಾ ಇನ್ನೂ ಹೋಗಿರಲಿಲ್ಲ. "ಮಾಳಿಗಿ ಕಟ್ಟಿಸಿದಾಗ ಮಿಕ್ಕ ಉಸುಕು ಹಿತ್ತಲದಾಗ ಐತಿ," ಎಂದರು ಗೋಡೆಯ ಕಡೆ ನೋಡುತ್ತ. "ಹಲವಾಗಲು ಹೊಳಿದು. ಬೆಕ್ಕು ಹೊಲಸು ಮಾಡ್ಯಾವು, ಚಲೋ ತೊಳಕೋ."

"ಹ್ಞೂಂ ರಿ."

"ನಾಳಿ ಮಂಜಣ್ಣ ಬಂದ್ರ ಏನ್ ಹೇಳ್ತಿ?"

"ವಾಸನಿ ಇಲ್ಲ ಅಂತ ಹೇಳ್ತೀನಿ," ಎಂದಳು ನಾಗಲಿಂಗಮ್ಮ. "ಅರಳಿಲ್ಲ ಅಂತಾನೂ ಹೇಳ್ತೀನಿ."

ಹೊರಗೆ ಎಲ್ಲಿಂದಲೋ ಒಂದು ಬಡಕಲು ನಾಯಿ ಬಂದು ಮರಳಿನ ರಾಶಿಯ ಮೇಲೆ ಒಂದು ಪಾದ ಇಟ್ಟು, ಚುರುಕ್ಕೆಂದು ಎತ್ತಿಕೊಂಡಿತು. ತುಸು ಹಿಂದೆ ಸರಿದು ಕುಳಿತು, ಆರುವುದನ್ನು ಕಾಯತೊಡಗಿತು.