ಬೇರೆ ಬೇರೆ ದೋಣಿ

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ನಿತೇಶ, ಬೀರತ್ತೆಯ ದನಿ ಕೇಳಿದ್ದೇ ಗಂಟು ಹಾಕುವುದನ್ನು ಮರೆತ. ತನ್ನೂರು ಕಿನ್ನರದಿಂದ ಯಾರದೋ ರಿಕ್ಷಾದಲ್ಲಿ ಬಂದಿದ್ದಳು. ಮಾಸ್ಕು ಗಲ್ಲಕ್ಕೆ ಜಾರಿತ್ತು. ಅಂಗಳದಲ್ಲಿ ಮಲಗಿಸಿದ್ದ ತಮ್ಮನ, ಅಂದರೆ ನಿತೇಶನ ಅಪ್ಪನ, ತಲೆಯ ಹತ್ತಿರ ಕೂತು, ಅವನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತೀಡಿ, "ಏಳಾ ದೇವು, ನಾ ಬಂದೆ" ಅಂದಳು. ಅಳು ಆಮೇಲೆ ಬಂತು.

ಕೊರೊನಾ ಬಂದ ವರ್ಷದ ಸೆಪ್ಟೆಂಬರ್ ಅದು. ಸಾವಿನ ಮನೆಗೂ ಇಪ್ಪತ್ತೇ ಜನ ಎಂದು ಪಂಚಾಯ್ತಿಯವರು ಹೇಳಿ ಹೋಗಿದ್ದರು. ಚಿತ್ತಾಕುಲದ ಆ ಅಂಗಳದಲ್ಲಿ ಬಂದ ನಾಲ್ಕು ಜನ ದೂರ ದೂರ ನಿಂತು ದೇವುವನ್ನು ಹೊಗಳುತ್ತಿದ್ದರು. ಹೊಗಳಿಕೆಯೆಂದರೆ ಎಲ್ಲರದ್ದೂ ಒಂದೇ: ಅಂಕೋಲೆಯ ಬ್ಯಾಂಕಿನಲ್ಲಿ ಜವಾನನಾಗಿದ್ದವ, ಪೈಸೆ ಆಚೀಚೆ ಮಾಡಿದವನಲ್ಲ.

"ಭಾರೀ ಹುಷಾರಿ ಮನ್ಸ" ಅಂದ ನೆರೆಮನೆಯ ಕೇಶವ. ಸಣ್ಣ ದೋಣಿಗಳಿದ್ದವನು, ದೇವುವಿನ ವಾರಿಗೆಯವನು.

ಬೀರತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಹೌದು ಕೇಶವಾ. ನನ್ ಗದ್ದೆ ಮಾರಿದ್ ದುಡ್ಡೂ ಅವ್ನ ಕೈಲೇ ಇತ್ತು. ಬ್ಯಾಂಕಲ್ಲಿಟ್ಟಿದ್ದ. ಇಲ್ದಿದ್ರೆ ನನ್ ಹತ್ರ ಯಾವಾಗೋ ಕರಗಿ ಹೋಗ್ತಿತ್ತು. ದೀಪಾವಳಿ ಕಳ್ದದ್ದೇ ನಿನ್ ಮನೆ ಮಾಡು ಹೊದಿಸೂದು ಅಕ್ಕಾ ಅಂದಿದ್ದ."

ನಿತೇಶ ತಲೆ ತಗ್ಗಿಸಿ ಹಗ್ಗ ಎಳೆದ. ಚಟ್ಟದ ಆಚೆ ಬದಿಗಿದ್ದ ತಮ್ಮ ಕಿಶೋರ ಕಣ್ಣಲ್ಲೇ ಈಗ ಬೇಡ ಅಂದ. ಅತ್ತೆಯ ದುಡ್ಡು ಪೂರ್ತಿ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಇವತ್ತು ಹೇಳದಿದ್ದರೆ ಇನ್ನೆಂದೂ ಬಾಯಿ ಬರುವುದಿಲ್ಲ. ಹೇಳಿದರೆ, ಊರು ಹುಷಾರಿ ಅನ್ನುತ್ತಿರುವ ಅಪ್ಪನ ಮರ್ಯಾದೆಯನ್ನು ಅವನಿಗಿಂತ ಮೊದಲೇ ಸುಟ್ಟ ಹಾಗೆ. ನಿತೇಶನಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಇದೇ ಕೊರೆಯುತ್ತಿತ್ತು.

*

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಂದೇ ಮನೆಯ ಇಬ್ಬರು ಒಂದೇ ದೋಣಿ ಹತ್ತಬಾರದು. ದೇವುವಿನ ಅಪ್ಪ ಮತ್ತು ದೊಡ್ಡಣ್ಣ ಒಟ್ಟಿಗೆ ಹೋದವರು ಒಟ್ಟಿಗೇ ಹೋಗಿಬಿಟ್ಟಿದ್ದರು. ಉಳಿದ ಗಂಡುಹುಡುಗನನ್ನು ತಾಯಿ ಸಮುದ್ರದ ಕಡೆ ತಲೆ ಹಾಕಲು ಬಿಡಲಿಲ್ಲ. ಅಕ್ಕ ಬೀರಿ ಕಂಡವರ ಗದ್ದೆಯಲ್ಲಿ ಕೂಲಿ ಮಾಡಿ ಓದಿಸಿದಳು, ಬ್ಯಾಂಕಿನ ಬಾಗಿಲು ಕಾಣಿಸಿದಳು. ಮುಂದೆ ಅವನ ಮಕ್ಕಳಿಬ್ಬರೂ ಬೈತಖೋಲದ ಬಂದರಿನಲ್ಲಿ ಟ್ರಾಲರ್ ಹತ್ತಿದರೂ ಇಬ್ಬರಿಗೂ ಬೇರೆ ಬೇರೆ ಟ್ರಾಲರ್.

ನಿವೃತ್ತಿಯ ದುಡ್ಡು ಬಂದಾಗ ದೂರದ ನೆಂಟ ರೂಪೇಶ ಅಂಕೋಲೆಯಲ್ಲಿ ಫಂಡುಗಳ ಏಜೆಂಟನಾಗಿದ್ದ. ಬ್ಯಾಂಕುಗಳದ್ದೇ ಇಂಡೆಕ್ಸ್ ಫಂಡು ಅಂತ ಒಂದಿದೆ, ದೊಡ್ಡ ದೊಡ್ಡ ಹನ್ನೆರಡು ಬ್ಯಾಂಕುಗಳ ಷೇರೆಲ್ಲ ಒಟ್ಟಿಗೇ ಕೊಂಡ ಹಾಗೆ ಎಂದು ತಿಳಿಸಿದ. ಜೊತೆಗೆ, "ಮಾವಾ, ಸ್ವಲ್ಪ ಹಾಕಿ ಸಾಕು" ಅಂತಲೂ ಅಂದ. "ಇದು ಎಫ್‌ಡಿ ಅಲ್ಲ. ಎಲ್ಲಾ ಒಂದೇ ಜಾತಿ ಷೇರು, ಬಿದ್ರೆ ಒಟ್ಟಿಗೆ ಬೀಳ್ತದೆ."

ದೇವು ನಕ್ಕುಬಿಟ್ಟ. ಕೆಲಸಕ್ಕಿದ್ದಷ್ಟು ವರ್ಷವೂ ಸಂಜೆ ಬ್ಯಾಂಕಿನ ಶಟರ್ ಎಳೆದವನು ಅವನು. ಎಳೆದ ಶಟರ್ ಮತ್ತೆ ತೆರೆಯದೇ ಉಳಿದದ್ದನ್ನು ಕಂಡವನಲ್ಲ. "ಒಂದ್ ಬ್ಯಾಂಕಲ್ಲ ತಮಾ, ಹನ್ನೆರಡು. ಬೇರೆ ಬೇರೆ ದೋಣಿ. ನಮ್ಮನೆ ಕಟ್ಟಳೆನೂ ಇದೇ ಅಲ್ದಾ?" ಅಂದ. ತನ್ನದನ್ನೂ ಅಕ್ಕನ ಗದ್ದೆಯ ದುಡ್ಡನ್ನೂ ಸೇರಿಸಿ ಎಲ್ಲ ಅದಕ್ಕೇ ಹಾಕಿದ.

ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ಸಾಲ ಮಾಡಿದವರು ಕಂತು ಕಟ್ಟುವ ಹಾಗಿಲ್ಲದಾಗ ಯಾವ ಬ್ಯಾಂಕು ತಾನೇ ಗಟ್ಟಿ ನಿಂತೀತು? ಹನ್ನೆರಡೂ ಒಟ್ಟಿಗೇ ಇಳಿದವು, ಉಳಿದ ಷೇರುಗಳಿಗಿಂತ ಜೋರಾಗಿಯೇ ಇಳಿದವು. ಮಳೆಗಾಲದಲ್ಲಿ ದೇವುವಿಗೆ ಎದೆನೋವು ಶುರುವಾಯಿತು. ಹುಬ್ಬಳ್ಳಿಯ ಡಾಕ್ಟರು ತಡಮಾಡದೆ ಆಪರೇಶನ್ ಮಾಡಿಸಿ ಅಂದರು.

"ಇದ್ದಷ್ಟು ತೆಗೀವಾ ಅಪ್ಪಾ" ಅಂದಿದ್ದ ನಿತೇಶ.

"ಅದ್ರಲ್ಲಿ ಅಕ್ಕನ್ ದುಡ್ಡದೆ ಮಗಾ. ಕಮ್ಮಿ ಮಾಡಿ ಅವ್ಳ ಕೈಲಿ ಹೆಂಗೆ ಕೊಡೂದು? ಮೊದ್ಲಿನಷ್ಟಾಗ್ಲಿ. ಬ್ಯಾಂಕು ಮಾರಾಯಾ, ಮೇಲೆ ಬರ್ದೆ ಎಲ್ಲಿಗ್ ಹೋಗ್ತದೆ?"

ಬೆಳಿಗ್ಗೆ ಎದ್ದವನು ಮೊಬೈಲು ನೋಡುವುದು, ಕಿಸೆಗೆ ಹಾಕಿ ಎದೆ ಉಜ್ಜಿಕೊಳ್ಳುವುದು. ಸ್ವಲ್ಪ ಸ್ವಲ್ಪ ಏರುತ್ತಲೂ ಇತ್ತು, ಅದೇ ಆಸೆ ಹುಟ್ಟಿಸಿದ್ದು. ನಿನ್ನೆಯೂ ನೋಡಿದ್ದ. ಮೂರರಲ್ಲಿ ಒಂದು ಪಾಲು ಇನ್ನೂ ಕಮ್ಮಿ. ನೋಡಿ ಜಗಲಿಯ ಗೋಡೆಗೆ ಒರಗಿದವನನ್ನು ಚಹಾಕ್ಕೆ ಕರೆದರೆ ಏಳಲಿಲ್ಲ.

*

ದಹನ ಮುಗಿಯಿತು. ಮಳೆ ಕಟ್ಟಿಕೊಂಡು ಬರುತ್ತಿದ್ದುದರಿಂದ, ಮೂರನೆಯ ದಿನದವರೆಗೆ ಕಾಯದೆ ಸಂಜೆಗೇ ಬೂದಿ ಬಿಡುವುದೆಂದಾಯಿತು. ಹೆಂಗಸರು ಬರುವ ರೂಢಿಯಿಲ್ಲ. ಬೀರತ್ತೆ ಯಾರ ಮಾತನ್ನೂ ಕೇಳದೆ ಕಾಳಿ ನದಿ ಸಮುದ್ರ ಸೇರುವ ಅಳಿವೆಯ ತನಕ ನಡೆದೇ ಬಂದಳು. ಬೂದಿಯ ಗಡಿಗೆ ಹಿಡಿದ ನಿತೇಶ ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಎಲ್ಲವನ್ನೂ ಹೇಳಿಬಿಟ್ಟ. ಫಂಡಿನದ್ದು, ಡಾಕ್ಟರು ಹೇಳಿದ್ದು, ಅಪ್ಪ ಕಾದದ್ದು.

ಅತ್ತೆ ನಡೆಯುತ್ತಲೇ ಕೇಳಿದಳು.

"ಎಲ್ಲಾ ಹೋಯ್ತಾ?"

"ಎಲ್ಲಾ ಇಲ್ಲ ಅತ್ತೆ. ಮೂರಲ್ಲಿ ಒಂದು ಪಾಲು."

"ಉಳ್ದದ್ರಲ್ಲಿ ಅವ್ನ ಎದೆ ಸರಿ ಆಗ್ತಿತ್ತಾ?"

ಇಲ್ಲ ಅನ್ನಬೇಕು ಅಂತ ನಿತೇಶನ ನಾಲಿಗೆಯ ತುದಿಗೆ ಬಂದಿತ್ತು. ಗಡಿಗೆ ಇನ್ನೂ ಬಿಸಿಯಿತ್ತು.

"ಆಗ್ತಿತ್ತು ಅತ್ತೆ."

ಬೀರತ್ತೆ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟಳು. "ಸೋರೂ ಮನೇಲಿ ಇಷ್ಟ್ ವರ್ಷ ಇರ್ಲಿಲ್ವಾ ನಾನು? ಇನ್ನೊಂದ್ ಮಳೆಗಾಲ ಇರ್ತಿರ್ಲಿಲ್ವಾ? ಒಂದ್ ಮಾತು ಕೇಳೂಕಾಗ್ಲಿಲ್ವಾ ಅವ್ನಿಗೆ?" ಅಂದಳು. ಕೇಳಿದ್ದು ಯಾರನ್ನು ಅಂತ ಇರಲಿಲ್ಲ. ಉತ್ತರ ಕೊಡುವವನು ಗಡಿಗೆಯಲ್ಲಿದ್ದ.

ಕೇಶವ ಯಾರೂ ಹೇಳದಿದ್ದರೂ ಎರಡು ದೋಣಿ ನೀರಿಗೆ ತಳ್ಳಿ ಇಟ್ಟಿದ್ದ. ಕಿಶೋರ ಅಣ್ಣನ ದೋಣಿಗೇ ಕಾಲು ಹಾಕಿದ. "ಇವತ್ತೊಂದಿನ ಒಟ್ಟಿಗೆ ಹೋಗ್ವಾ, ಅಣ್ಣಾ."

"ಬೇಡ" ಅಂದಳು ಬೀರತ್ತೆ, ತಲೆಯೆತ್ತದೆ. "ಬೇರೆ ಬೇರೆ ಹತ್ತಿ."

ಹತ್ತಿದರು. ನಿತೇಶನದಕ್ಕೆ ಕೇಶವ ಹುಟ್ಟು ಹಾಕಿದ, ಇನ್ನೊಂದಕ್ಕೆ ಕಿಶೋರ ತಾನೇ. ಅಳಿವೆ ದಾಟಿದ್ದೇ ತೆರೆ ಜೋರಾಯಿತು. ಗಡಿಗೆಯನ್ನು ಎದೆಗೆ ಒತ್ತಿ ಹಿಡಿದ ನಿತೇಶ, ತನ್ನ ದೋಣಿ ಧುತ್ತನೆ ಇಳಿದಾಗ ಗಾಬರಿಯಿಂದ ತಮ್ಮನ ಕಡೆ ತಿರುಗಿದ. ಅದೇ ತೆರೆಗೆ ಅವನದೂ ಇಳಿಯುತ್ತಿತ್ತು. ಎರಡೂ ಏರಿದಾಗ ದಡದಲ್ಲಿ ಅತ್ತೆ ಎದ್ದು ನಿಂತು ತಿರುಗಿ ಬನ್ನಿ ಅನ್ನುವ ಹಾಗೆ ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದುದು ಕಂಡಿತು. ಮುಂದಿನ ತೆರೆಗೆ ದೋಣಿಗಳು ಮತ್ತೆ ಒಟ್ಟಿಗೇ ಇಳಿದವು, ಅವಳು ಕಾಣದಾದಳು.