ಹನ್ನೆರಡು ಫ್ಲಾಸ್ಕುಗಳು

ಒಂದು ಕೆನ್ನೆಯ ಗಡ್ಡ ಹೆರೆದು ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದಾಗ ಅಕ್ಕ ತೀರಿಕೊಂಡ ಸುದ್ದಿ ಬಂತು. ಮುಖ ಒರೆಸಿಕೊಂಡು ತಮ್ಮ ಹಾಗೆಯೇ ಹೊರಟ. ಹನ್ನೊಂದು ವರ್ಷದಿಂದ ಅವಳ ಹೊಸ್ತಿಲು ತುಳಿದಿರಲಿಲ್ಲ. ಗೇಟಿನ ಬಳಿ ನಿಂತು ಕೈಮುಗಿದು ಬಂದುಬಿಡುವುದೆಂದು ದಾರಿಯಲ್ಲೇ ತೀರ್ಮಾನಿಸಿದ್ದ.

ಅಕ್ಕನ ಮಗಳು ಗೇಟಿಗೇ ಬಂದಳು. "ಒಳಗೆ ಬನ್ನಿ ಮಾವ. ಒಂದು ಕಡೆ ಹೆಗಲು ನೀವೇ ಕೊಡಬೇಕು."

"ಬೇರೆಯವರು ಯಾರೂ ಇಲ್ವೇನಮ್ಮ?"

"ಇದಾರೆ. ಅಮ್ಮನ ಒಡಹುಟ್ಟಿದವರು ನೀವೊಬ್ಬರೇ."

ಅವನು ಕದಲಲಿಲ್ಲ.

*

ಅಕ್ಕ ಔಷಧ ಪರೀಕ್ಷಿಸುವ ಸರ್ಕಾರಿ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕಾಲೇಜು ಬಿಟ್ಟ ಮೇಲೆ ಅವನು ಅಲ್ಲಿಗೇ ಹೋಗಿ ಅವಳ ಡಬ್ಬಿಯಲ್ಲಿ ಉಳಿದದ್ದನ್ನು ತಿನ್ನುತ್ತ ಕೂರುತ್ತಿದ್ದ. ಕ್ರೊಮ್ಯಾಟೊಗ್ರಾಫ್ ಯಂತ್ರದ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. "ಔಷಧಿ ಈ ಕೊಳವೆ ದಾಟಿ ಬರುವಾಗ ಗೆರೆ ಏರುತ್ತೆ, ನೋಡು. ಗುಡ್ಡ ಎಷ್ಟು ದೊಡ್ಡದೋ ಔಷಧಿ ಅಷ್ಟು," ಎನ್ನುತ್ತಿದ್ದಳು. ಗುಡ್ಡ ಏಳುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ಹುಚ್ಚಿನಿಂದಲೇ ಅವನು ಮುಂದೆ ಮಕ್ಕಳ ಜ್ವರದ ಸಿರಪ್ಪಿನ ಸಣ್ಣ ಕಾರ್ಖಾನೆ ತೆರೆದದ್ದು.

ಅದರದೊಂದು ಸೀಸೆ ಪರೀಕ್ಷೆಗೆಂದು ಅವಳ ಮೇಜಿಗೇ ಬಂತು. ಇರಬೇಕಾದ ಔಷಧದಲ್ಲಿ ನೂರಕ್ಕೆ ಎಂಬತ್ತೆಂಟು ಪಾಲು ಮಾತ್ರ ಇದೆಯೆಂದು ಬರೆದು ಸಹಿ ಹಾಕಿದಳು. ಕಾರ್ಖಾನೆ ಮುಚ್ಚಿತು.

"ಇನ್ನೊಂದು ಸಲ ನೋಡಬಾರದಿತ್ತೇನೆ?" ಎಂದು ಅವನು ಬಾಗಿಲಲ್ಲೇ ನಿಂತು ಕೇಳಿದ್ದ.

"ನೋಡಿದೀನಿ ಕಣೋ."

ಅಕ್ಕತಮ್ಮಂದಿರ ನಡುವೆ ಅದೇ ಕೊನೆಯ ಮಾತು.

*

ಲ್ಯಾಬಿನಲ್ಲಿ ಗಾಜು ತೊಳೆಯುತ್ತಿದ್ದ ಮುದುಕ ಗೇಟಿನ ಹತ್ತಿರ ಬಂದ.

"ಸಿರಪ್ಪಿನ ಸಾಹೇಬರಲ್ವಾ? ನಿಮ್ಮ ದೆಸೆಯಿಂದ ನನ್ನ ಬೆರಳು ಸವೆದುಹೋಗಿತ್ತು."

"ನಾನೇನು ಮಾಡಿದೆ?"

"ಒಂದು ಸ್ಯಾಂಪಲ್ಲಿಗೆ ಎರಡು ಫ್ಲಾಸ್ಕು ತೊಳೆಯೋದು ರೂಢಿ. ನಿಮ್ಮದಕ್ಕೆ ಹನ್ನೆರಡು ತೊಳೆದೆ. ಪ್ರತಿ ಸಲ ಹೊಸದಾಗಿ ತೂಗಿ ಕಲಸಿದರು. ಯಂತ್ರದ ಕೊಳವೇನೂ ಬದಲಾಯಿಸಿದರು. ಸಾಕು ಬಿಡಿ ಅಮ್ಮಾ, ಗಾಜು ಕರಗಿಹೋಗುತ್ತೆ ಅಂದೆ. 'ಇದೊಂದು ಸಲ ನೋಡೋಣ, ತಪ್ಪು ನನ್ನ ಕೈಯದೇ ಆಗಿರಲಿ' ಅಂದರು." ಮುದುಕ ಮೂಗು ಒರೆಸಿಕೊಂಡ. "ಆರು ಸಲಾನೂ ಅದೇ ಎಂಬತ್ತೆಂಟು. ಅವತ್ತು ಊಟದ ಡಬ್ಬಿ ಮುಚ್ಚಳಾನೂ ತೆಗೀಲಿಲ್ಲ."

"ನನಗೆ ಹೇಳಲೇ ಇಲ್ಲ."

"ಆಮೇಲೆ ನೀವು ಈ ಕಡೆ ತಲೆ ಹಾಕಿದ್ರಾ, ಹೇಳೋಕೆ?"

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

*

ಬೀದಿಯ ತಿರುವಿನಲ್ಲಿ ಯಾರೋ, "ದಣಿದಿದೀರಿ, ನಮಗೆ ಕೊಡಿ," ಎಂದು ಹೆಗಲು ಒಡ್ಡಿದರು.

"ಇರಲಿ, ಇನ್ನು ಸ್ವಲ್ಪ ದೂರ," ಎಂದ. ಮುಂದಿನ ತಿರುವಿನಲ್ಲೂ ಅದನ್ನೇ ಅಂದ. ಚಟ್ಟದ ಬಿದಿರು ಹೆಗಲಿಗೆ ಒತ್ತುತ್ತಿತ್ತು. ಬರಿಗಾಲಿನಲ್ಲಿ ಹೆಜ್ಜೆಹೆಜ್ಜೆಗೂ ತುಟಿಯೊಳಗೇ ಬೇಡಿಕೊಳ್ಳುತ್ತ ನಡೆದ: ದೇವರೇ, ಹಸಿದುಕೊಂಡು ನನಗಾಗಿ ದುಡಿದ ಜೀವ. ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಿಸಿಕೋ.