ಗುನ್ವೋರಳ ಕೀಲುವಾತ ಮತ್ತು ಮೀನೆಣ್ಣೆ

ಬೆಳಿಗ್ಗೆ ಎದ್ದರೆ ಗುನ್ವೋರಳ ಬೆರಳು ಮಡಚುತ್ತಿರಲಿಲ್ಲ. ದೂರದ ಉತ್ತರ ಕಡಲಿನ ಲೋಫೋಟೆನ್ ದ್ವೀಪದ ಆ ಮೀನುಗಾರರ ಊರಿನಲ್ಲಿ ಹರಿದ ಬಲೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈಗ ಅವಳ ಅಂಗಿಯ ಗುಂಡಿಯನ್ನೂ ಗಂಡ ಒಡ್‌ವಾರನೇ ಹಾಕಬೇಕು.

ಕೀಲುವಾತಕ್ಕೆ ವೈದ್ಯರು ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟಿದ್ದರು. ನುಂಗಿದ ಮರುದಿನ ವಾಕರಿಕೆ. ಅವಳು ಯಾರಿಗೂ ಹೇಳದೆ ಮಾತ್ರೆ ಬಿಟ್ಟು, ಕಾಡ್ ಎಂಬ ಮೀನಿನ ಲಿವರ್ ಎಣ್ಣೆಯನ್ನು ದಿನಕ್ಕೆ ನಾಲ್ಕು ದೊಡ್ಡ ಚಮಚ ಕುಡಿಯತೊಡಗಿದ್ದಳು.

ಒಂದು ದಿನ ಒಡ್‌ವಾರನ ರಕ್ತದೊತ್ತಡ ನೋಡಲು ನರ್ಸ್ ಓಶಿಲ್ಡ್ ಬಂದಳು. ಗುನ್ವೋರಳ ಬಾಲ್ಯದ ಗೆಳತಿ. ಕಾಫಿ ಬಗ್ಗಿಸುವಾಗ ಗುನ್ವೋರಳ ಕೈಯಿಂದ ಕೆಟಲ್ ಜಾರಿ ಬಿತ್ತು. ಓಶಿಲ್ಡ್ ಅವಳ ಊದಿದ ಮಣಿಕಟ್ಟು ಹಿಡಿದು ನೋಡಿದಳು.

"ಮಾತ್ರೆ ತಗೋತಿದೀಯಾ?"

"ಬಿಟ್ಟು ಎರಡು ತಿಂಗಳಾಯ್ತು. ನಮ್ಮಜ್ಜಿ ಈ ಎಣ್ಣೆ ಕುಡ್ಕೊಂಡೇ ತೊಂಬತ್ತು ವರ್ಷ ಬದುಕಿದ್ಳು."

"ನಿಮ್ಮಜ್ಜಿಗೆ ಕೀಲುವಾತ ಇತ್ತೇನೇ?"

"ಇಲ್ಲ," ಎಂದು ಗುನ್ವೋರ್ ಒಪ್ಪಿಕೊಂಡಳು.

"ದಿನಾ ಗುಂಡಿ ಹಾಕೋನು ನಾನು," ಎಂದ ಒಡ್‌ವಾರ್. "ನಂಗೂ ಹೇಳ್ಲಿಲ್ವಲ್ಲ!"

"ನಲವತ್ತು ವರ್ಷ ಬಿರುಗಾಳಿ ನೋಡಿದೋಳು ಒಂದು ಮಾತ್ರೆಗೆ ಹೆದರಿದೆ ಅಂತ ಹೇಗೆ ಹೇಳ್ಲಿ?"

ಓಶಿಲ್ಡ್ ಅವಳ ಕೈ ಬಿಡಲಿಲ್ಲ. "ರೋಗಾಣು ಹೊಕ್ರೆ ಮೈಯೊಳಗಿನ ಕಾವಲಿನವರು ಹೊಡೆದಾಡ್ತಾರೆ. ಅದಕ್ಕೇ ಊತ, ಬಿಸಿ. ನಿನ್ನಲ್ಲಿ ಅವರು ದಾರಿ ತಪ್ಪಿ ನಿನ್ನ ಕೀಲನ್ನೇ ಹೊಡೀತಿದ್ದಾರೆ. ಮೀನೆಣ್ಣೇಲಿರೋ ಒಮೆಗಾ-3 ಕೊಬ್ಬು ಆ ಅಬ್ಬರ ಸ್ವಲ್ಪ ತಗ್ಗಿಸಬಹುದು. ಕೆಲವರಿಗೆ ಬೆಳಗಿನ ಬಿಗಿತ ಕಮ್ಮಿ ಆಗತ್ತೆ, ಅದೂ ತಿಂಗಳುಗಟ್ಟಲೆ ತಗೊಂಡ್ರೆ. ಆದ್ರೆ ಕೀಲು ಹಾಳಾಗದ ಹಾಗೆ ಕಾಯೋದು ಮಾತ್ರೆ ಕಣೇ."

"ಜಾಸ್ತಿ ಕುಡಿದ್ರೆ ಜಾಸ್ತಿ ತಗ್ಗಲ್ವಾ?"

"ಈ ಎಣ್ಣೇಲಿ ಎ ಜೀವಸತ್ವ ಇದೆ. ಅತಿಯಾದ್ರೆ ನಿನ್ನ ಲಿವರ್‌ಗೇ ಪೆಟ್ಟು. ರಕ್ತ ತೆಳು ಮಾಡೋ ಮಾತ್ರೆ ನುಂಗೋರಂತೂ ವೈದ್ಯರನ್ನ ಕೇಳದೆ ಹೆಚ್ಚು ಕುಡೀಲೇಬಾರ್ದು."

ಒಡ್‌ವಾರ್ ಎಣ್ಣೆಯ ಬಾಟಲಿ ದೂರ ಸರಿಸಿದ. "ಅಂದ್ರೆ... ನನ್ನ ಹಾರ್ಟಿನ ಮಾತ್ರೆ ಅಂಥದ್ದೇ ಅಲ್ವಾ? ಇವಳ ಜೊತೆ ನಾನೂ ನಾಲ್ಕು ಚಮಚ..."

"ದೇವರೇ! ಇಬ್ಬರೂ ಕೋಟು ಹಾಕ್ಕೊಳ್ಳಿ, ನಡೀರಿ."

ವೈದ್ಯರು ಬೈಯಲಿಲ್ಲ. ಗುನ್ವೋರಳ ಮಾತ್ರೆಯ ಪ್ರಮಾಣ ಬದಲಿಸಿದರು, ವಾಕರಿಕೆ ತಗ್ಗಲು ಇನ್ನೊಂದು ಮಾತ್ರೆ ಸೇರಿಸಿದರು. ಒಡ್‌ವಾರನ ರಕ್ತ ಅತಿಯಾಗಿ ತೆಳುವಾಗಿದೆಯೇ ಎಂದು ಪರೀಕ್ಷೆ ಮಾಡಿದರು. ಅವರ ಮಾತಿನಂತೆ ಇಬ್ಬರ ಎಣ್ಣೆಯೂ ದಿನಕ್ಕೆ ಒಂದು ಸಣ್ಣ ಚಮಚಕ್ಕೆ ಇಳಿಯಿತು.

ವಸಂತ ಬರುವ ಹೊತ್ತಿಗೆ ಊತ ಇಳಿದು ಗುನ್ವೋರ್ ಮತ್ತೆ ಬಲೆಯ ಮುಂದೆ ಕೂತಳು. ಮಾತ್ರೆ ಬಿಟ್ಟ ದಿನಗಳಲ್ಲಿ ಕೀಲು ಹಾಳಾದ ಬಲಗೈಯ ಒಂದು ಬೆರಳು ಮಾತ್ರ ಮತ್ತೆಂದೂ ನೆಟ್ಟಗಾಗಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಮೀನೆಣ್ಣೆ ಗುಳಿಗೆ ನುಂಗುತ್ತಿದ್ದಾರೆಯೇ? ಇವತ್ತೇ ಕೇಳಿ. ವೈದ್ಯರ ಬಳಿ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮಾತ್ರೆಯಿಂದ ತೊಂದರೆಯಾದರೆ ನೀವಾಗಿಯೇ ಬಿಡಬೇಡಿ, ನಾಚಿಕೆಪಡದೆ ಬಾಯಿಬಿಟ್ಟು ಹೇಳಿ.